ಜಿಗಿಯುವ ಮುಂಚೆ ಯೋಚಿಸಿದ ಚಿರತೆ

"ಡಾಕ್ಟ್ರೇ, ಇವಳು ಎರಡು ದಿನದಿಂದ ಜಿಗಿಯೋಕೆ ಮುಂಚೆ ಯೋಚ್ನೆ ಮಾಡ್ತಿದ್ದಾಳೆ."

ಬೆಳಗಿನ ಸುತ್ತಿನಲ್ಲಿ ಚಿರತೆಗಳನ್ನು ನೋಡಿಕೊಳ್ಳುವ ಹಿರಿಯ ಕೀಪರ್ ಒಬ್ಬರು ನನಗೆ ಹೇಳಿದ ಮಾತು ಇದು. ನಾನು ಮೃಗಾಲಯದ ಕೆಲಸಕ್ಕೆ ಸೇರಿ ಆಗಿನ್ನೂ ಎರಡನೇ ವರ್ಷ. ಅವರು ಇಪ್ಪತ್ತು ವರ್ಷ ಬೋನುಗಳ ನಡುವೆಯೇ ಕಳೆದವರು. ಆ ಬೋನಿನಲ್ಲಿ ಆಳೆತ್ತರದ ಒಂದು ಮರದ ಅಟ್ಟ ಇತ್ತು. ಚಿರತೆ ರಾತ್ರಿ ಮಲಗುತ್ತಿದ್ದದ್ದು ಅದರ ಮೇಲೆಯೇ. ನಾನು ನಿಂತು ನೋಡಿದೆ. ಅವಳು ಅಟ್ಟದ ಕೆಳಗೆ ಬಂದಳು. ತಲೆ ಎತ್ತಿದಳು. ಒಂದು ಕ್ಷಣ ನಿಂತಳು. ಆಮೇಲೆ ಜಿಗಿದಳು, ಸರಿಯಾಗಿಯೇ ಹತ್ತಿದಳು. ನನಗೆ ಅದರಲ್ಲಿ ಏನೂ ಕಾಣಲಿಲ್ಲ. ಹಿಂದಿನ ದಿನ ಕೊಟ್ಟ ಮಾಂಸ ಪೂರ್ತಿ ಖಾಲಿಯಾಗಿತ್ತು. ಕಣ್ಣು ಚುರುಕಾಗಿತ್ತು. ಮಲ ಗಟ್ಟಿಯಾಗಿತ್ತು. ದಿನದ ವಹಿಯಲ್ಲಿ "ಸಾಮಾನ್ಯ" ಅಂತ ಬರೆದು ಮುಂದಿನ ಬೋನಿಗೆ ಹೋದೆ.

ಒಂಬತ್ತನೇ ದಿನ ಅವಳ ಎಡ ಹಿಂಗಾಲು ಎಳೆಯತೊಡಗಿತು. ಉಗುರಿನ ತುದಿ ಸಿಮೆಂಟ್ ನೆಲಕ್ಕೆ ಉಜ್ಜುವ ಸದ್ದು ದೂರದಿಂದಲೇ ಕೇಳಿಸುತ್ತಿತ್ತು. ಮತ್ತೆರಡು ದಿನಕ್ಕೆ ಎರಡೂ ಹಿಂಗಾಲು ಹೋದವು. ಅರಿವಳಿಕೆ ಕೊಟ್ಟು ರಕ್ತ ತೆಗೆದೆವು, ಎಕ್ಸ್‌ರೇ ತೆಗೆದೆವು. ಮೂಳೆ ಎಲ್ಲೂ ಮುರಿದಿರಲಿಲ್ಲ. ಅಂದಾಜಿನ ಮೇಲೆ ಔಷಧಿ ಶುರು ಮಾಡಿದೆವು. ಹದಿನೇಳನೇ ದಿನ ಬೆಳಿಗ್ಗೆ ಅವಳು ಅಟ್ಟದ ಕೆಳಗೆ, ಮುಖ ಮೇಲೆ ಮಾಡಿಕೊಂಡು ಸತ್ತಿದ್ದಳು.

ಆಮೇಲೆ ಎಷ್ಟೋ ಪ್ರಾಣಿಗಳನ್ನು ನೋಡಿದ್ದೇನೆ. ಕೆಲವನ್ನು ಉಳಿಸಿದ್ದೇವೆ, ಕೆಲವನ್ನು ಕಳೆದುಕೊಂಡಿದ್ದೇವೆ. ಆದರೆ ಆ ಒಂದು ಕ್ಷಣದ ನಿಲುಗಡೆ ನನ್ನನ್ನು ಬಿಟ್ಟಿಲ್ಲ. ಆ ಕ್ಷಣದಲ್ಲಿ ಅವಳ ಬೆನ್ನುಹುರಿಯೊಳಗೆ ಒಂದು ಪರಾವಲಂಬಿ, ಅಂದರೆ ಬೇರೆ ಜೀವಿಯ ಮೈಯಲ್ಲಿ ಬದುಕುವ ಜೀವಿ, ಕೆಲಸ ಶುರು ಮಾಡಿತ್ತು ಅಂತ ಈಗ ನನಗೆ ಗೊತ್ತು. ಅವಳಿಗೂ ಏನೋ ಗೊತ್ತಾಗಿತ್ತು. ಕೀಪರ್‌ಗೂ ಗೊತ್ತಾಗಿತ್ತು. ವಹಿಯಲ್ಲಿ ಮಾತ್ರ "ಸಾಮಾನ್ಯ" ಅಂತ ಉಳಿಯಿತು.

ಮುಟ್ಟಲಾಗದ ರೋಗಿ

ನಾಯಿಗೋ ಮನೆಬೆಕ್ಕಿಗೋ ಕಾಲು ಎಳೆಯುತ್ತಿದ್ದರೆ ನಾವು ಮೊದಲು ಮಾಡುವ ಕೆಲಸ ಸುಲಭದ್ದು. ಪಾದವನ್ನು ಮಗುಚಿ ನೆಲಕ್ಕೆ ಇಡುತ್ತೇವೆ. ನರ ಸರಿ ಇದ್ದರೆ ಪ್ರಾಣಿ ತಕ್ಷಣ ಪಾದ ತಿರುಗಿಸಿಕೊಳ್ಳುತ್ತದೆ. ಮೊಣಕಾಲಿಗೆ ಸಣ್ಣ ಸುತ್ತಿಗೆಯಿಂದ ತಟ್ಟುತ್ತೇವೆ. ಕಣ್ಣಿಗೆ ಬೆಳಕು ಬಿಡುತ್ತೇವೆ. ಬೆರಳಿನ ಸಂದನ್ನು ಚಿವುಟುತ್ತೇವೆ. ಹತ್ತು ನಿಮಿಷದಲ್ಲಿ ತೊಂದರೆ ಮಿದುಳಲ್ಲಿದೆಯೋ, ಬೆನ್ನುಹುರಿಯಲ್ಲಿದೆಯೋ, ಬೆನ್ನುಹುರಿಯಲ್ಲಾದರೆ ಯಾವ ಭಾಗದಲ್ಲಿದೆಯೋ ಅಂತ ಒಂದು ಅಂದಾಜು ಸಿಗುತ್ತದೆ. ಚಿರತೆ, ಹುಲಿ, ತೋಳ, ಕರಡಿಗೆ ಇದು ಯಾವುದನ್ನೂ ಮಾಡಲಾಗುವುದಿಲ್ಲ. ಮುಟ್ಟಬೇಕಾದರೆ ಮಲಗಿಸಬೇಕು. ಮಲಗಿಸಿದ ಮೇಲೆ ನರ ಹೇಗೆ ಕೆಲಸ ಮಾಡುತ್ತಿದೆ ಅಂತ ನೋಡುವುದು ಹೇಗೆ? ಅರಿವಳಿಕೆ ಮೊದಲು ಅಡಗಿಸುವುದೇ ಅದನ್ನು ಅಲ್ವಾ? ಹೀಗಾಗಿ ನಮಗೆ ಉಳಿಯುವ ದಾರಿ ಒಂದೇ. ಜಾಲರಿಯ ಈಚೆ ನಿಂತು ಕಣ್ಣಿಂದ ನೋಡುವುದು.

ನೋಡಲಿಕ್ಕೂ ಅವು ಬಿಡುವುದಿಲ್ಲ. ಬೇಟೆಯಾಡುವ ಪ್ರಾಣಿಗೆ ನೋವನ್ನು ಮುಚ್ಚಿಡುವುದು ಹುಟ್ಟಿನಿಂದ ಬಂದದ್ದು. ಅಪರಿಚಿತರ ಎದುರಿಗೆ ಇನ್ನೂ ಜಾಸ್ತಿ ಮುಚ್ಚಿಡುತ್ತವೆ. ಡಾಕ್ಟರ್ ಅಂದರೆ ಅವಕ್ಕೆ ಸೂಜಿ, ಬಾಣ. ನನ್ನ ಹೆಜ್ಜೆ ಸದ್ದು ಕೇಳಿದರೆ ಸಾಕು, ಕುಂಟುತ್ತಿದ್ದ ಪ್ರಾಣಿ ನೆಟ್ಟಗೆ ನಿಂತು ಹಲ್ಲು ಬಿಡುತ್ತದೆ. ಕೀಪರ್ ಎದುರಿಗೆ ಹಾಗಲ್ಲ. ಅವರು ಅವಕ್ಕೆ ಊಟ, ನೀರು, ಬಾಗಿಲು. ತಲೆ ಸ್ವಲ್ಪ ವಾಲಿರುವುದು, ಒಂದೇ ಕಡೆಗೆ ಸುತ್ತುವುದು, ನೀರು ಕುಡಿಯುವಾಗ ಬಾಯಿಯ ಒಂದು ಮೂಲೆಯಿಂದ ಸೋರುವುದು, ಮಾಂಸದ ತುಂಡಿಗೆ ಬಾಯಿ ಹಾಕಿದಾಗ ಅದು ಸ್ವಲ್ಪದರಲ್ಲಿ ತಪ್ಪಿಹೋಗುವುದು. ಇವೆಲ್ಲ ಮೊದಲು ಕಾಣುವುದು ಅವರಿಗೆ.

ಕಂಡರೂ ಅದು ಪರಾವಲಂಬಿಯಿಂದಲೇ ಬಂದದ್ದು ಅಂತ ಹೇಳೋಕೆ ಆಗಲ್ಲ. ಮಾಂಸಾಹಾರಿ ಪ್ರಾಣಿ ತೂರಾಡಿದರೆ ಮೊದಲು ಮನಸ್ಸಿಗೆ ಬರಬೇಕಾದದ್ದು ರೇಬಿಸ್. ಆಮೇಲೆ ಡಿಸ್ಟೆಂಪರ್, ನಾಯಿಗಳಲ್ಲಿ ಹರಡುವ ಒಂದು ವೈರಸ್ ರೋಗ. 1994ರಲ್ಲಿ ಆಫ್ರಿಕಾದ ಸೆರೆಂಗೆಟಿಯಲ್ಲಿ ಸುಮಾರು ಸಾವಿರ ಸಿಂಹಗಳು, ಅಂದರೆ ಅಲ್ಲಿದ್ದವುಗಳಲ್ಲಿ ಮೂರನೇ ಒಂದು ಪಾಲು ಸತ್ತದ್ದು ಈ ವೈರಸ್‌ನಿಂದ. ಕೆಲವು ಸಿಂಹಗಳಿಗೆ ಫಿಟ್ಸ್ ಬರುತ್ತಿದ್ದದ್ದನ್ನು ಜನ ಕಣ್ಣಾರೆ ನೋಡಿದರು. ಊಟದಿಂದಲೂ ಇದೇ ಲಕ್ಷಣ ಬರಬಹುದು. ಈಲಿ (ಲಿವರ್) ಇಲ್ಲದೆ ಬರೀ ಮಾಂಸದ ಮೇಲೆ ಬೆಳೆಸಿದ ಸಿಂಹದ ಮರಿಗಳಿಗೆ ಎ ಜೀವಸತ್ವ ಸಾಲುವುದಿಲ್ಲ. ಆಗ ತಲೆಬುರುಡೆಯ ಮೂಳೆ ದಪ್ಪಗಾಗಿ ಒಳಗಿನ ಜಾಗ ಕಡಿಮೆಯಾಗುತ್ತದೆ. ಕಿರುಮಿದುಳು ಬುರುಡೆಯ ಹಿಂದಿನ ತೂತಿನಿಂದ ಕೆಳಕ್ಕೆ ಜಾರುತ್ತದೆ. ಮರಿ ತಲೆ ವಾಲಿಸಿಕೊಂಡು ತೂರಾಡುತ್ತದೆ. ಸೆರೆಯಲ್ಲಿರುವ ಚೀತಾಗಳಿಗೆ ಬೆನ್ನುಹುರಿಯೇ ಸವೆಯುವ ಒಂದು ರೋಗ ಇದೆ, ಅದರಲ್ಲೂ ಹಿಂಗಾಲೇ ಮೊದಲು ಸೋಲುತ್ತದೆ. ಹೊರಗಿಂದ ನೋಡುವವರಿಗೆ ಇವೆಲ್ಲ ಒಂದೇ ಥರ.

ಬೇಲಿ ಯಾರಿಗೆ?

ನಮ್ಮ ಚಿರತೆಯ ಬೆನ್ನುಹುರಿಯಲ್ಲಿ ಇದ್ದದ್ದು ಟಾಕ್ಸೊಪ್ಲಾಸ್ಮಾ. ಒಂದೇ ಕೋಶದ ಜೀವಿ. 1908ರಲ್ಲಿ ಟ್ಯುನಿಸ್‌ನಲ್ಲಿ ಗುಂಡಿ ಅನ್ನುವ ಇಲಿಜಾತಿಯ ಪ್ರಾಣಿಯಲ್ಲಿ ಇದನ್ನು ಮೊದಲು ಕಂಡರು. ಅದೇ ವರ್ಷ ಬ್ರೆಜಿಲ್‌ನಲ್ಲಿ ಮೊಲದಲ್ಲೂ ಸಿಕ್ಕಿತು. ಆದರೆ ಇದರ ನಿಜವಾದ ಮನೆ ಬೆಕ್ಕಿನ ಕರುಳು ಅಂತ ಗೊತ್ತಾಗಲು 1970ರವರೆಗೆ ಕಾಯಬೇಕಾಯಿತು. ಬೆಕ್ಕು ಅಂದರೆ ಇಡೀ ಬೆಕ್ಕಿನ ಕುಟುಂಬ. ಮನೆಬೆಕ್ಕಿನಿಂದ ಹಿಡಿದು ಹುಲಿಯವರೆಗೆ. ಇವುಗಳ ಕರುಳಲ್ಲಿ ಮಾತ್ರ ಅದು ಗಂಡು ಹೆಣ್ಣಾಗಿ ಕೂಡಿ, ಗಟ್ಟಿ ಹೊದಿಕೆಯ ಸಣ್ಣ ಮೊಟ್ಟೆಯಂಥ ಊಸಿಸ್ಟ್‌ಗಳಾಗಿ ಮಲದಲ್ಲಿ ಹೊರಬರುತ್ತದೆ. ಹೊಸದಾಗಿ ಸೋಂಕು ತಗುಲಿದ ಒಂದು ಬೆಕ್ಕು ಒಂದೆರಡು ವಾರದಲ್ಲಿ ಲಕ್ಷಗಟ್ಟಲೆ ಅಲ್ಲ, ಕೋಟಿಗಟ್ಟಲೆ ಊಸಿಸ್ಟ್ ಸುರಿಯಬಲ್ಲದು. ಒದ್ದೆ ಮಣ್ಣಿನಲ್ಲಿ ಅವು ಒಂದು ವರ್ಷಕ್ಕೂ ಹೆಚ್ಚು ಬದುಕುತ್ತವೆ. ಬೇರೆ ಪ್ರಾಣಿಯ ಹೊಟ್ಟೆ ಸೇರಿದರೆ ಸ್ನಾಯುವಿನಲ್ಲಿ, ಮಿದುಳಿನಲ್ಲಿ ಸಣ್ಣ ಗೂಡು ಕಟ್ಟಿ ಸುಮ್ನೆ ಮಲಗುತ್ತವೆ. ಆ ಪ್ರಾಣಿಯ ಮಾಂಸ ಇನ್ನೊಂದು ಬೆಕ್ಕಿನ ಬಾಯಿಗೆ ಬಿದ್ದರೆ ಚಕ್ರ ಪೂರ್ತಿಯಾಯಿತು.

ಹೆಚ್ಚಿನ ದೊಡ್ಡ ಬೆಕ್ಕುಗಳು ಈ ಸೋಂಕನ್ನು ಹೊತ್ತುಕೊಂಡೇ ಆರಾಮಾಗಿ ಇರುತ್ತವೆ. ರಕ್ತ ಪರೀಕ್ಷೆ ಮಾಡಿದರೆ ಎಷ್ಟೋ ಪ್ರಾಣಿಗಳಲ್ಲಿ ಇದರ ವಿರುದ್ಧದ ಪ್ರತಿಕಾಯ ಸಿಗುತ್ತದೆ. ಅದು ಎಂದೋ ಒಮ್ಮೆ ಭೇಟಿಯಾಗಿತ್ತು ಅನ್ನುವುದಕ್ಕೆ ಸಾಕ್ಷಿ, ಅಷ್ಟೆ. ಈಗಿನ ಕಾಯಿಲೆಗೆ ಅದೇ ಕಾರಣ ಅಂತ ಅದರಿಂದ ಹೇಳಲಾಗದು. ಮುಪ್ಪು, ಬೇರೊಂದು ರೋಗ, ಮೈಯ ತಡೆಯುವ ಶಕ್ತಿ ಕುಗ್ಗುವುದು, ಇಂಥದ್ದೇನಾದರೂ ಆದಾಗ ಮಲಗಿದ್ದ ಗೂಡು ಒಡೆಯುತ್ತದೆ. ನಮ್ಮ ಚಿರತೆಗೆ ವಯಸ್ಸಾಗಿತ್ತು. ಬಹುಶಃ ಆದದ್ದು ಅದೇ.

ಪಲ್ಲಾಸ್ ಬೆಕ್ಕಿನ ಕಥೆ ಬೇರೆ. ನನಗೆ ಈ ವಿಷಯದಲ್ಲಿ ಅತಿ ಹೆಚ್ಚು ಸಂಕಟ ಕೊಡುವುದು ಅದೇ. ಮಂಗೋಲಿಯಾ, ಟಿಬೆಟ್ ಕಡೆಯ ಎತ್ತರದ, ಚಳಿಯ, ಒಣ ಬಯಲಿನ ಪ್ರಾಣಿ. ದಪ್ಪ ಕೂದಲು, ಚಪ್ಪಟೆ ಮುಖ, ಗಿಡ್ಡ ಕಿವಿ. ಅಲ್ಲಿ ಬೇರೆ ಬೆಕ್ಕುಗಳು ಕಡಿಮೆ. ಅಷ್ಟು ಒಣ, ಅಷ್ಟು ಚಳಿಯ ನೆಲದಲ್ಲಿ ಊಸಿಸ್ಟ್ ಉಳಿಯುವುದೂ ಕಷ್ಟ. ಮಂಗೋಲಿಯಾದಲ್ಲಿ ಕಾಡಿನ ಪಲ್ಲಾಸ್ ಬೆಕ್ಕುಗಳನ್ನು ಹಿಡಿದು ಪರೀಕ್ಷಿಸಿದಾಗ ಈ ಸೋಂಕು ಕಂಡದ್ದು ಬೆರಳೆಣಿಕೆಯಷ್ಟರಲ್ಲಿ ಮಾತ್ರ. ಅದೇ ಬೆಕ್ಕನ್ನು ಮೃಗಾಲಯಕ್ಕೆ ತಂದರೆ ಬಹುತೇಕ ಎಲ್ಲವಕ್ಕೂ ಸೋಂಕು. ದೊಡ್ಡವು ಹೇಗೋ ತಡೆದುಕೊಳ್ಳುತ್ತವೆ. ಎಷ್ಟೋ ಮರಿಗಳು ಹುಟ್ಟಿದ ಕೆಲವೇ ವಾರಗಳಲ್ಲಿ ಸಾಯುತ್ತವೆ. ತಾಯಿಗೆ ಬಸಿರಲ್ಲಿ, ಮರಿಗಳಿಗೆ ಹುಟ್ಟಿದ ಮೇಲೆ ಕ್ಲಿಂಡಾಮೈಸಿನ್ ಅನ್ನುವ ಔಷಧಿ ಕೊಟ್ಟು ಉಳಿಸಲು ಎಷ್ಟೋ ಕಡೆ ಪ್ರಯತ್ನ ಪಟ್ಟಿದ್ದಾರೆ. ಆ ಜೀವಿಯ ಪರಿಚಯ ಹೆಚ್ಚು ಇಲ್ಲದೆ ಬದುಕಿದ ಪ್ರಾಣಿ ಅದು. ನಾವು ಅದನ್ನು ಕಾಪಾಡಲು ಅಂತ ತಂದೆವು. ತಂದು ಆ ಜೀವಿಯ ಮಡಿಲಲ್ಲೇ ಇಟ್ಟೆವು. ಮರಳು ಬೆಕ್ಕಿಗೂ ಹೀಗೇ ಆಗಿದೆ. ಅದು ಮರುಭೂಮಿಯದ್ದು.

ಬೋನಿನ ಬೇಲಿ ಒಳಗಿನ ಪ್ರಾಣಿ ಹೊರಗೆ ಬರದಂತೆ ತಡೆಯುತ್ತದೆ. ಹೊರಗಿನದು ಒಳಗೆ ಹೋಗದಂತೆ ತಡೆಯುವುದಿಲ್ಲ. ಬೀಡಾಡಿ ಬೆಕ್ಕು ಜಾಲರಿಯ ಸಂದಿಯಿಂದ ನುಗ್ಗುತ್ತದೆ. ಇಲಿ ಮಾಂಸದ ಕೋಣೆಗೆ ಬರುತ್ತದೆ. ಬಸವನಹುಳು ಒದ್ದೆ ಗೋಡೆ ಹಿಡಿದು ಹತ್ತುತ್ತದೆ. ನೊಣಕ್ಕೆ ಬೇಲಿಯೇ ಇಲ್ಲ. 2000ದ ಜುಲೈನಲ್ಲಿ ಒಡಿಶಾದ ನಂದನಕಾನನ ಮೃಗಾಲಯದಲ್ಲಿ ಕೆಲವೇ ದಿನಗಳಲ್ಲಿ ಹತ್ತಕ್ಕೂ ಹೆಚ್ಚು ಹುಲಿಗಳು ಸತ್ತದ್ದು ಸರ್ರಾ ರೋಗದಿಂದ. ಕಾರಣ ಟ್ರಿಪನೊಸೋಮಾ ಇವಾನ್ಸಿ ಅನ್ನುವ, ಒಂದೇ ಕೋಶದ ಇನ್ನೊಂದು ಪರಾವಲಂಬಿ. ದನ, ಕುದುರೆಗಳ ರಕ್ತ ಹೀರುವ ದೊಡ್ಡ ನೊಣ ತನ್ನ ಬಾಯಲ್ಲೇ ಇದನ್ನು ಹೊತ್ತು ತರುತ್ತದೆ. ಸೋಂಕಿರುವ ಹಸಿ ಮಾಂಸದಿಂದಲೂ ಹರಡಬಹುದು. 1880ರಲ್ಲಿ ಪಂಜಾಬಿನ ಕುದುರೆ, ಒಂಟೆಗಳ ರಕ್ತದಲ್ಲಿ ಗ್ರಿಫಿತ್ ಇವಾನ್ಸ್ ಇದನ್ನು ಕಂಡಿದ್ದ. ಮೂಲತಃ ರಕ್ತದ ರೋಗವಾದರೂ ಮಿದುಳಿಗೂ ನುಗ್ಗಬಲ್ಲದು. ನಾವು ಓದುವಾಗ ಇದನ್ನು ಕುದುರೆಗಳ ಪಾಠದಲ್ಲಿ ಓದಿ ಮುಗಿಸಿದ್ದೆವು. ಹುಲಿಯ ಬೋನಿನಲ್ಲಿ ಅದು ಬರಬಹುದು ಅಂತ ನಮ್ಮಲ್ಲಿ ಯಾರಿಗೂ ಆಗ ಹೊಳೆದಿರಲಿಲ್ಲ.

ಹಳೇ ಬೋನು, ಹೊಸ ಪ್ರಾಣಿ

ಬೇಲಿಯೊಳಗೇ ಉಳಿದುಬಿಡುವ ಅಪಾಯ ಇನ್ನೊಂದಿದೆ. ರಕೂನ್ ಅನ್ನುವ ಉತ್ತರ ಅಮೆರಿಕದ ಸಣ್ಣ ಪ್ರಾಣಿಯ ಕರುಳಲ್ಲಿ ಒಂದು ದುಂಡುಹುಳು ಇರುತ್ತದೆ, ಬೇಲಿಸ್ಕಾರಿಸ್. ರಕೂನ್‌ಗೆ ಅದರಿಂದ ಹೆಚ್ಚಿನ ತೊಂದರೆ ಇಲ್ಲ. ಒಂದು ಹೆಣ್ಣು ಹುಳು ದಿನಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಮೊಟ್ಟೆ ಇಡುತ್ತದೆ. ಎರಡು ಮೂರು ವಾರದಲ್ಲಿ ಆ ಮೊಟ್ಟೆಯೊಳಗೆ ಮರಿ ತಯಾರಾಗುತ್ತದೆ. ಆಮೇಲೆ ವರ್ಷಗಟ್ಟಲೆ ಕಾಯುತ್ತದೆ. ಬ್ಲೀಚ್ ಹಾಕಿದರೂ, ಫಿನಾಯಿಲ್ ಸುರಿದರೂ ಸಾಯುವುದಿಲ್ಲ. ಕುದಿಯುವ ನೀರು, ಹಬೆ, ಇಲ್ಲವೇ ನೇರ ಬೆಂಕಿ ಬೇಕು. ಬೇರೆ ಪ್ರಾಣಿಯ ಹೊಟ್ಟೆಗೆ ಆ ಮೊಟ್ಟೆ ಹೋದರೆ ಮರಿಹುಳು ಕರುಳು ಕೊರೆದು ಮೈಯೆಲ್ಲ ಅಲೆಯುತ್ತದೆ. ಅಲೆಯುತ್ತಲೇ ಬೆಳೆಯುತ್ತದೆ. ಅದೇ ಇದರ ಕೆಟ್ಟ ಗುಣ. ಬೇರೆ ಎಷ್ಟೋ ಜಾತಿಯ ಮರಿಹುಳುಗಳು ಒಂದು ಕಡೆ ಸಣ್ಣದಾಗಿ ಸುತ್ತಿಕೊಂಡು ಕೂರುತ್ತವೆ. ಇದು ಸುಮಾರು ಎರಡು ಮಿಲಿಮೀಟರ್ ಆಗುವವರೆಗೂ ಬೆಳೆಯುತ್ತ ನಡೆಯುತ್ತದೆ. ಸಣ್ಣ ಪ್ರಾಣಿಯಾದರೆ ಮಿದುಳಲ್ಲಿ ಇಂಥ ಒಂದೇ ಒಂದು ಹುಳು ಸಾಕು. ನೂರಕ್ಕೂ ಹೆಚ್ಚು ಜಾತಿಯ ಪ್ರಾಣಿ ಪಕ್ಷಿಗಳಲ್ಲಿ ಇದು ಮಿದುಳು ಕೆಡಿಸಿದ್ದು ದಾಖಲಾಗಿದೆ. ನಾಯಿಗಳೂ ಅದರಲ್ಲಿ ಸೇರಿವೆ.

ಮೃಗಾಲಯದಲ್ಲಿ ಬೋನು ಖಾಲಿ ಬಿಡುವುದು ಅಪರೂಪ. ಒಂದು ಪ್ರಾಣಿ ಹೋದರೆ ಆ ಜಾಗಕ್ಕೆ ಇನ್ನೊಂದು ಬರುತ್ತದೆ. ಗೋಡೆಗೆ ಸುಣ್ಣ ಬಳಿಯುತ್ತಾರೆ, ನೆಲ ತೊಳೆಯುತ್ತಾರೆ, ಹೊಸ ಮರದ ದಿಮ್ಮಿ ತಂದಿಡುತ್ತಾರೆ. ನೋಡಲಿಕ್ಕೆ ಚೊಕ್ಕಟ. ಹಿಂದೆ ಅಲ್ಲಿ ರಕೂನ್ ಇತ್ತು ಅನ್ನುವುದು ಹಳೇ ಕಡತದಲ್ಲಿ ಮಾತ್ರ ಉಳಿದಿರುತ್ತದೆ. ಸಿಮೆಂಟಿನ ಬಿರುಕಿನಲ್ಲಿ, ಮರದ ತೊಗಟೆಯಲ್ಲಿ ಮೊಟ್ಟೆ ಕಾಯುತ್ತಿರುತ್ತದೆ. ರಕೂನ್ ಇದ್ದ ಬೋನಿಗೆ ಬಂದ ಪ್ರಾಣಿಗಳು ಒಂದೊಂದಾಗಿ ತಲೆ ವಾಲಿಸಿ ಬಿದ್ದ ಘಟನೆಗಳು ನಮ್ಮ ವೃತ್ತಿಯ ಬರಹಗಳಲ್ಲಿ ಇವೆ. ಕರಡಿಗೆ, ಸ್ಕಂಕ್‌ಗೆ ಇದೇ ಜಾತಿಯ ಬೇರೆ ಬೇರೆ ಹುಳುಗಳಿವೆ. ದೊಡ್ಡ ಪಾಂಡಾಕ್ಕೂ ಒಂದಿದೆ. ಹಾಗಾಗಿ ನಾನೀಗ ಯಾವ ಪ್ರಾಣಿಯನ್ನು ಸ್ಥಳ ಬದಲಾಯಿಸುವಾಗಲೂ ಒಂದೇ ಪ್ರಶ್ನೆ ಮೊದಲು ಕೇಳುತ್ತೇನೆ. ಇಲ್ಲಿ ಮುಂಚೆ ಯಾರಿದ್ದರು? ಅವರಿಗೆ ಮುಂಚೆ ಯಾರಿದ್ದರು? ಕಾಗದದಲ್ಲಿ ಉತ್ತರ ಸಿಗದಿದ್ದರೆ ಹಳೇ ಕೀಪರ್‌ಗಳನ್ನು ಹುಡುಕಿ ಕೇಳುತ್ತೇನೆ. ಅವರಿಗೆ ನೆನಪಿರುತ್ತದೆ.

ದಾರಿ ತಪ್ಪಿದವು

ಈ ಹುಳುಗಳ ಬಗ್ಗೆ ಓದುತ್ತಾ ಹೋದ ಹಾಗೆ ಸಿಟ್ಟು ಕಡಿಮೆಯಾಗಿ ಬೇರೆ ಏನೋ ಒಂದು ಭಾವನೆ ಬರುತ್ತದೆ. ಮಿದುಳಿಗೆ ಬಂದ ಹುಳುಗಳಲ್ಲಿ ಬಹುತೇಕ ಎಲ್ಲವೂ ದಾರಿ ತಪ್ಪಿ ಬಂದವು. ರಕೂನ್‌ನ ಹುಳುವಿಗೆ ಬೇಕಿದ್ದದ್ದು ರಕೂನ್‌ನ ಕರುಳು. ನಾಯಿಯ ಹೃದಯದಲ್ಲಿ ಬದುಕಬೇಕಾದ ಹುಳು ಒಮ್ಮೊಮ್ಮೆ ಬೆನ್ನುಹುರಿಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ಇಲಿಯ ಶ್ವಾಸಕೋಶದ ಹುಳುವಿನದ್ದು ಇನ್ನೂ ವಿಚಿತ್ರ. ಇಲಿಯ ಮೈಯಲ್ಲಿ ಅದು ಬೇಕಂತಲೇ ಮಿದುಳಿಗೆ ಹೋಗುತ್ತದೆ. ಅಲ್ಲಿ ಸ್ವಲ್ಪ ದಿನ ಬೆಳೆದು, ಆಮೇಲೆ ಶ್ವಾಸಕೋಶದ ರಕ್ತನಾಳಕ್ಕೆ ಇಳಿಯುತ್ತದೆ. ಇಲಿಗೆ ಅಷ್ಟೇನೂ ಆಗುವುದಿಲ್ಲ. ಅದೇ ಮರಿಹುಳು ಬಸವನಹುಳುವಿನ ಮೂಲಕ ನಾಯಿಯ ಹೊಟ್ಟೆಗೋ ಮನುಷ್ಯನ ಹೊಟ್ಟೆಗೋ ಹೋದರೆ ಮಿದುಳಿನವರೆಗೆ ದಾರಿ ಗೊತ್ತು, ಮುಂದಿನದು ಗೊತ್ತಿಲ್ಲ. ಅಲ್ಲೇ ಸಾಯುತ್ತದೆ. ಅದು ಸಾಯುವಾಗ ಎದ್ದ ಉರಿಯೂತವೇ ಪ್ರಾಣಿಯನ್ನೂ ಕೆಡವುತ್ತದೆ. ಈ ಕಾರಣಕ್ಕೇ ಮಿದುಳಿನ ಹುಳುವಿಗೆ ಔಷಧಿ ಕೊಡುವಾಗ ನಮಗೆ ಕೈ ನಡುಗುತ್ತದೆ. ಹುಳು ಸತ್ತರೆ ಊತ ಹೆಚ್ಚುತ್ತದೆ. ಅದನ್ನು ತಗ್ಗಿಸಲು ಸ್ಟೀರಾಯ್ಡ್ ಜೊತೆಗೆ ಕೊಡಬೇಕು. ಲಕ್ಷಣ ಜೋರಾಗಿ ಕಾಣುವ ಹೊತ್ತಿಗೆ ನರಕ್ಕೆ ಆಗಬೇಕಾದ ಹಾನಿ ಆಗಿಹೋಗಿರುತ್ತದೆ. ಸತ್ತ ನರಕೋಶ ಯಾವ ಮದ್ದಿನಿಂದಲೂ ವಾಪಸ್ ಬರುವುದಿಲ್ಲ.

ದಾರಿ ತಪ್ಪದೆ ಬರುವವೂ ಕೆಲವು ಇವೆ. ದಕ್ಷಿಣ ಅಮೆರಿಕದಲ್ಲಿ ಗುರ್ಲ್ಟಿಯಾ ಅನ್ನುವ ಹುಳು ಬೆಕ್ಕುಗಳ ಬೆನ್ನುಹುರಿಯ ಹೊದಿಕೆಯ ರಕ್ತನಾಳದಲ್ಲೇ ಮನೆ ಮಾಡುತ್ತದೆ. 1933ರಲ್ಲಿ ಚಿಲಿಯಲ್ಲಿ ಇದನ್ನು ವಿವರಿಸಿದರು. ಅಲ್ಲಿನ ಸಣ್ಣ ಕಾಡುಬೆಕ್ಕು ಗುಯಿನ್ಯಾದಲ್ಲೂ ಇದು ಸಿಕ್ಕಿದೆ. ಹಿಂಗಾಲು ಸೋಲುವುದೇ ಇದರ ಗುರುತು. ವೀಸೆಲ್ ಜಾತಿಯ ಪ್ರಾಣಿಗಳ ಮೂಗಿನ ಗೂಡಿನಲ್ಲಿ ಬದುಕುವ ಇನ್ನೊಂದು ಹುಳು ತಲೆಬುರುಡೆಯ ಮೂಳೆಯನ್ನೇ ತೆಳುವಾಗಿಸಿ ತೂತು ಮಾಡುತ್ತದೆ. ಅಂಥ ಬುರುಡೆಯನ್ನು ನಾನೊಮ್ಮೆ ಕೈಯಲ್ಲಿ ಹಿಡಿದು ನೋಡಿದ್ದೇನೆ. ಹುಬ್ಬಿನ ಮೇಲಿನ ಮೂಳೆ ಜರಡಿಯ ಹಾಗೆ ಆಗಿತ್ತು, ಬೆಳಕು ಆರಪಾರ ಕಾಣುತ್ತಿತ್ತು. ಆ ಪ್ರಾಣಿ ಎಷ್ಟು ಕಾಲ ಅದನ್ನು ಹೊತ್ತು ಬೇಟೆಯಾಡಿತ್ತೋ.

ಟಾಕ್ಸೊಪ್ಲಾಸ್ಮಾ ಇವೆರಡರ ನಡುವೆ ಎಲ್ಲೋ ನಿಲ್ಲುತ್ತದೆ. ಇಲಿಯ ಮಿದುಳಲ್ಲಿ ಅದು ಕೂತರೆ ಇಲಿಗೆ ಬೆಕ್ಕಿನ ವಾಸನೆಯ ಭಯ ಕಡಿಮೆಯಾಗುತ್ತದೆ ಅನ್ನುವುದನ್ನು ನೀವು ಓದಿರಬಹುದು. ಬೇಟೆಗಾರ ಪ್ರಾಣಿಗಳಲ್ಲೂ ಇಂಥದ್ದು ಕಂಡಿದೆ. ಕೀನ್ಯಾದ ಮಸಾಯಿ ಮಾರಾದಲ್ಲಿ ಕತ್ತೆಕಿರುಬಗಳನ್ನು ದಶಕಗಟ್ಟಲೆ ಗಮನಿಸಿದವರು 2021ರಲ್ಲಿ ಪ್ರಕಟಿಸಿದ್ದು ಇದು: ಸೋಂಕಿದ್ದ ಮರಿಗಳು ಸಿಂಹಗಳ ಹತ್ತಿರ ಹೋಗುತ್ತಿದ್ದವು, ಸಿಂಹದ ಬಾಯಿಗೆ ಹೆಚ್ಚು ಸಿಗುತ್ತಿದ್ದವು. ಮರುವರ್ಷ ಅಮೆರಿಕದ ಯೆಲ್ಲೋಸ್ಟೋನ್ ತೋಳಗಳ ಬಗ್ಗೆ ಒಂದು ಅಧ್ಯಯನ ಬಂತು. 1995ರಿಂದ 2020ರವರೆಗಿನ ದಾಖಲೆ. ಸೋಂಕಿದ್ದ ತೋಳ ಗುಂಪು ಬಿಟ್ಟು ಹೊರಡುವ ಸಾಧ್ಯತೆ 11 ಪಟ್ಟು, ಗುಂಪಿನ ಮುಖಂಡ ಆಗುವ ಸಾಧ್ಯತೆ 46 ಪಟ್ಟು ಜಾಸ್ತಿ. ಅಲ್ಲಿ ಬೆಕ್ಕಿನ ಕುಟುಂಬದ ಪೂಮಾಗಳು ಹೆಚ್ಚಿರುವ ಕಡೆಯ ತೋಳಗಳಲ್ಲಿ ಸೋಂಕೂ ಹೆಚ್ಚು.

ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾವು ದಿನವೂ ಹೇಳುತ್ತೇವೆ, ಈ ತೋಳ ಧೈರ್ಯವಂತ, ಆ ಹುಲಿ ಅಂಜುಬುರುಕಿ, ಈ ಕರಡಿಗೆ ಸಿಡುಕು ಜಾಸ್ತಿ ಅಂತ. ಅದೇ ಅದರ ಗುಣ ಅಂದುಕೊಂಡು ಮುಂದೆ ಹೋಗುತ್ತೇವೆ. ಗುಣ ಅಂದುಕೊಂಡದ್ದರಲ್ಲಿ ಒಂದಿಷ್ಟು ಮಿದುಳಿನೊಳಗೆ ಮಲಗಿದ ಗೂಡುಗಳದ್ದೂ ಇರಬಹುದು ಅಲ್ವಾ? ಚಿರತೆ ಜಿಗಿಯುವ ಮುಂಚೆ ನಿಂತದ್ದನ್ನು ನಾನೂ "ವಯಸ್ಸಾಯ್ತು" ಅಂತ ಒಳಗೊಳಗೇ ಅಂದುಕೊಂಡಿದ್ದೆ. ಈಗ ನೆನಪಾಗುತ್ತದೆ. ವಯಸ್ಸು ಅನ್ನುವುದನ್ನು ಒಂದು ಉತ್ತರ ಅಂತ ಒಪ್ಪಿಕೊಂಡೆ, ಅಲ್ಲಿಗೇ ಬಿಟ್ಟೆ.

ಸೂಕ್ಷ್ಮದರ್ಶಕದ ಮುಂದೆ

ಅವಳ ಪೋಸ್ಟ್‌ಮಾರ್ಟಂ ಮಾಡಿದ್ದು ನಾನೇ. ನರದ ಲಕ್ಷಣ ತೋರಿಸಿ ಸತ್ತ ಮಾಂಸಾಹಾರಿ ಪ್ರಾಣಿಯಾದ್ದರಿಂದ ರೇಬಿಸ್ ಅಲ್ಲ ಅಂತ ಖಚಿತವಾಗುವವರೆಗೂ ಎರಡು ಪದರ ಗ್ಲೌಸ್, ಮುಖಕ್ಕೆ ಕವಚ. ಮಿದುಳಿನ ಒಂದು ಭಾಗ ಮೊದಲು ಆ ಪರೀಕ್ಷೆಗೆ ಹೋಯಿತು. ಬೆನ್ನುಹುರಿಯನ್ನು ಪೂರ್ತಿಯಾಗಿ ಹೊರತೆಗೆಯುವುದು ಬಹಳ ತಾಳ್ಮೆಯ ಕೆಲಸ. ಒಂದೊಂದೇ ಬೆನ್ನುಮೂಳೆಯ ಕಮಾನನ್ನು ಎರಡೂ ಕಡೆಯಿಂದ ಕೊಯ್ದು ಎತ್ತಬೇಕು. ಗರಗಸ ಒಂದು ಕೂದಲೆಳೆ ಆಳಕ್ಕೆ ಹೋದರೂ ನೋಡಬೇಕಾದ ಜಾಗವೇ ಹಾಳಾಗುತ್ತದೆ. ಮೂರು ಗಂಟೆಗೂ ಹೆಚ್ಚು ಹಿಡಿಯಿತು. ಎಷ್ಟೋ ಕಡೆ ಈ ಕೆಲಸ ಬಿಟ್ಟೇಬಿಡುತ್ತಾರೆ. ಹೊಟ್ಟೆ, ಎದೆ ನೋಡಿ, ಮಿದುಳಿನ ಒಂದು ತುಂಡು ತೆಗೆದು ಮುಗಿಸುತ್ತಾರೆ. ಬೆನ್ನುಹುರಿ ನೋಡದೇ ಹೋದ ಪ್ರಾಣಿಗಳ ಕಾಗದದಲ್ಲಿ "ಕಾರಣ ತಿಳಿದಿಲ್ಲ" ಅಂತ ಉಳಿಯುತ್ತದೆ.

ಬರೀ ಕಣ್ಣಿಗೆ ಬೆನ್ನುಹುರಿಯಲ್ಲಿ ಹೆಚ್ಚೇನೂ ಕಾಣಲಿಲ್ಲ. ಸೊಂಟದ ಹತ್ತಿರ ಒಂದು ಕಡೆ ಬಣ್ಣ ಸ್ವಲ್ಪ ಮಂಕು. ಫಾರ್ಮಲಿನ್‌ನಲ್ಲಿ ಹಾಕಿ ಕಾಯ್ದೆವು. ಸ್ಲೈಡ್ ಬರುವ ಹೊತ್ತಿಗೆ ಮೂರು ವಾರ. ಆ ಮಂಕಾದ ಜಾಗದಲ್ಲಿ ನರದ ಎಳೆಗಳು ಕರಗಿಹೋಗಿದ್ದವು. ಸುತ್ತ ಉರಿಯೂತದ ಕೋಶಗಳು ಮುತ್ತಿಕೊಂಡಿದ್ದವು. ಅವುಗಳ ಅಂಚಿನಲ್ಲಿ ಒಂದು ದುಂಡನೆಯ ಗೂಡು. ಅದರೊಳಗೆ ಒತ್ತೊತ್ತಾಗಿ ನೇರಳೆ ಚುಕ್ಕಿಗಳು.

ಕೀಪರ್ ದಿನಾ ಸಂಜೆ ಬಂದು "ಏನಾದ್ರೂ ಗೊತ್ತಾಯ್ತಾ ಡಾಕ್ಟ್ರೇ?" ಅಂತ ಕೇಳುತ್ತಿದ್ದರು. ಅವತ್ತು ಅವರನ್ನು ಕರೆದು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದೆ. ಹೇಗೆ ನೋಡಬೇಕು ಅಂತ ಹೇಳಿಕೊಟ್ಟೆ. ಅವರು ಬಹಳ ಹೊತ್ತು ನೋಡಿದರು. "ಇಷ್ಟು ಚಿಕ್ಕದಾ?" ಅಂದರು. "ಹೌದಣ್ಣ" ಅಂದೆ. ಮತ್ತೆ ನೋಡಿದರು. "ಅವಳಿಗೆ ಗೊತ್ತಾಗಿತ್ತು ಡಾಕ್ಟ್ರೇ. ಕಾಲು ಹೇಳಿದ ಮಾತು ಕೇಳ್ತಿಲ್ಲ ಅಂತ. ಅದಕ್ಕೇ ನಿಲ್ತಿದ್ಲು." ನಾನು ಏನೂ ಹೇಳಲಿಲ್ಲ. ಆಮೇಲೆ ನಾನೇ ಅವರಿಗೆ ಹೇಳಿದೆ, ನೀವು ಮೊದಲ ದಿನ ಹೇಳಿದಾಗ ನಾನು ಇನ್ನೂ ಸರಿಯಾಗಿ ನೋಡಬೇಕಿತ್ತು ಅಂತ. ಅವರು ತಲೆ ಅಲ್ಲಾಡಿಸಿದರು. "ನೀವು ನೋಡಿದ್ರಿ. ನಿಮಗೆ ಅವಳು ಮುಂಚೆ ಹೇಗೆ ಜಿಗೀತಿದ್ಲು ಅಂತ ಗೊತ್ತಿರಲಿಲ್ಲ, ಅಷ್ಟೇ."

ಅವರ ಆ ಮಾತಿನಲ್ಲಿ ನನ್ನ ಮುಂದಿನ ಕೆಲಸ ಇತ್ತು. ಮುಂಚೆ ಹೇಗಿತ್ತು ಅನ್ನುವುದು ಗೊತ್ತಿಲ್ಲದಿದ್ದರೆ ಈಗ ಏನು ಬದಲಾಗಿದೆ ಅಂತ ಹೇಗೆ ತಿಳಿಯಬೇಕು? ನಮ್ಮ ವಹಿಯಲ್ಲಿ ತೂಕ, ಊಟ, ಮಲ, ಲಸಿಕೆ ಎಲ್ಲಕ್ಕೂ ಜಾಗ ಇತ್ತು. ನಡಿಗೆಗೆ ಜಾಗ ಇರಲಿಲ್ಲ. ನಾನು ಎರಡು ಸಾಲು ಸೇರಿಸಿದೆ. ಒಂದು, ಕೀಪರ್ ತಮ್ಮ ಮಾತಿನಲ್ಲೇ ಹೇಳಿದ್ದನ್ನು ಹಾಗೇ ಬರೆಯುವುದು. "ಸಾಮಾನ್ಯ" ಅಂತ ಒಂದೇ ಪದ ಬರೆಯುವಂತಿಲ್ಲ. ಇನ್ನೊಂದು, ವಾರಕ್ಕೊಮ್ಮೆ ಪ್ರತಿ ಮಾಂಸಾಹಾರಿ ಪ್ರಾಣಿ ಅಟ್ಟ ಹತ್ತುವುದನ್ನು, ಇಳಿಯುವುದನ್ನು, ತಿರುಗುವುದನ್ನು ಕೀಪರ್‌ಗಳು ಫೋನಿನಲ್ಲಿ ವಿಡಿಯೊ ಮಾಡುವುದು. ಒಂದು ನಿಮಿಷ ಸಾಕು. ನಾನು ಪಕ್ಕದಲ್ಲಿ ಇರುವುದಿಲ್ಲ, ಇದ್ದರೆ ಪ್ರಾಣಿ ಬೇರೆ ಥರ ನಡೆಯುತ್ತದೆ.

ಬೇರೆ ಕೆಲಸಗಳೂ ಶುರುವಾದವು. ಕೆಲವು ಬಹಳ ಸಾದಾ. ಬೆಕ್ಕಿನ ಜಾತಿಯ ಪ್ರಾಣಿಗಳ ಮಲವನ್ನು ಪ್ರತಿ ದಿನ ತಪ್ಪದೆ ತೆಗೆಯುವುದು. ಊಸಿಸ್ಟ್ ಹೊರಬಂದ ಕೂಡಲೇ ಸೋಂಕು ಹರಡುವುದಿಲ್ಲ, ಅದಕ್ಕೆ ಒಂದರಿಂದ ಐದು ದಿನ ಬೇಕು. ಅಷ್ಟರೊಳಗೆ ತೆಗೆದರೆ ಆ ದಿನದ ಅಪಾಯ ಅಲ್ಲಿಗೇ ಮುಗಿಯಿತು. ಒಂದು ರಜಾದಿನ ಬಿಟ್ಟರೂ ಈ ಲೆಕ್ಕ ತಪ್ಪುತ್ತದೆ. ಮಾಂಸವನ್ನು ಸೊನ್ನೆಗಿಂತ 12 ಡಿಗ್ರಿ ಕೆಳಗೆ ಕೆಲವು ದಿನ ಗಟ್ಟಿಯಾಗಿಸಿ, ಆಮೇಲೆ ಕರಗಿಸಿ ಕೊಡುವುದು. ಹಾಗೆ ಮಾಡಿದರೆ ಮಾಂಸದೊಳಗಿನ ಗೂಡು ಸಾಯುತ್ತದೆ. ಮಾಂಸದ ಕೋಣೆಯಿಂದ ಇಲಿಯನ್ನು, ಮೇವಿನ ಕೋಣೆಯಿಂದ ಬೀಡಾಡಿ ಬೆಕ್ಕನ್ನು ದೂರ ಇಡುವುದು. ಇದರಲ್ಲಿ ಯಾವುದಕ್ಕೂ ದೊಡ್ಡ ಯಂತ್ರ ಬೇಡ. ಎಂಆರ್‌ಐ ಬೇಕು ಅಂತ ಎಲ್ಲರೂ ಕೇಳುತ್ತಾರೆ. ಬೇಕು ನಿಜ. ಬೆನ್ನುಹುರಿಯ ನೀರು ತೆಗೆದು ಅದರಲ್ಲಿ ಇಯೊಸಿನೋಫಿಲ್ ಅನ್ನುವ ಬಿಳಿ ರಕ್ತಕಣ ಹೆಚ್ಚಿದ್ದರೆ ಹುಳುವಿನ ಅನುಮಾನ ಗಟ್ಟಿಯಾಗುತ್ತದೆ, ಅದೂ ಬೇಕು. ಆದರೆ ಹುಲಿಯನ್ನು ಅರಿವಳಿಕೆಯಲ್ಲಿ ಮಲಗಿಸಿ, ಗಾಡಿಯಲ್ಲಿ ಸಾಗಿಸಿ, ಸ್ಕ್ಯಾನ್ ಮುಗಿಸಿ ಎಚ್ಚರವಾಗುವ ಮುಂಚೆ ವಾಪಸ್ ತರುವ ಏರ್ಪಾಡು ಆಗುವ ಹೊತ್ತಿಗೆ ಎಷ್ಟು ದಿನ ಕಳೆದಿರುತ್ತದೆ ಅನ್ನುವುದೇ ನನ್ನ ಚಿಂತೆ.

ಆ ಕೀಪರ್ ಈಗ ನಿವೃತ್ತರು. ಅವರು ಕಲಿಸಿದ ಹುಡುಗ ಈಗ ಹುಲಿಗಳನ್ನು ನೋಡಿಕೊಳ್ಳುತ್ತಾನೆ. ನನ್ನ ಫೋನಿನಲ್ಲಿ ಈಗ ನೂರಾರು ವಿಡಿಯೊ ಇವೆ. ಚಿರತೆಯದ್ದು ಒಂದೂ ಇಲ್ಲ. ಅವಳ ಜಿಗಿತ ನನ್ನ ತಲೆಯಲ್ಲಿ ಮಾತ್ರ ಇದೆ, ಅದೂ ತಡವಾದ ಜಿಗಿತ.

ಇವತ್ತು ಸಂಜೆ ಆ ಹುಡುಗ ಒಂದು ವಿಡಿಯೊ ಕಳಿಸಿದ್ದಾನೆ. ಹನ್ನೆರಡು ವರ್ಷದ ಗಂಡು ಹುಲಿ. ನೀರಿನ ತೊಟ್ಟಿಯಿಂದ ಹೊರಗೆ ಬರುವಾಗ ಬಲ ಹಿಂಗಾಲು ಅಂಚಿಗೆ ಒಮ್ಮೆ ತಾಗುತ್ತದೆ. ಮುಂದಿನ ಹೆಜ್ಜೆ ಸರಿಯಾಗಿದೆ. ಜೊತೆಗೆ ಅವನ ಧ್ವನಿ: "ಸಾರ್, ಇದು ಮುಂಚೆ ಯಾವತ್ತೂ ಹೀಗೆ ಮಾಡಿಲ್ಲ." ಹಿಂದಿನ ಆರು ವಾರದ ವಿಡಿಯೊ ತೆಗೆದು ಒಂದರ ಪಕ್ಕ ಒಂದು ಇಟ್ಟು ನೋಡಿದೆ. ಕಾಲು ತಾಗಿದ್ದು ಇದರಲ್ಲಿ ಮಾತ್ರ. ಈಗ ಅವನಿಗೆ ಫೋನ್ ಮಾಡಿ ಇಟ್ಟೆ. ರಾತ್ರಿ ಊಟ ಹಾಕಬೇಡ ಅಂದಿದ್ದೇನೆ. ಬೆಳಿಗ್ಗೆ ಆರಕ್ಕೆ ಅರಿವಳಿಕೆ ಕೊಟ್ಟು ರಕ್ತ, ಬೆನ್ನುಹುರಿಯ ನೀರು ತೆಗೆಯುತ್ತೇವೆ.